‘ಇಂದ’ ಒಂದೇ, ಇಂಗ್ಲಿಷಿನಲ್ಲಿ ಮೂರು: ಕಾಲ ಹೇಳುವ ಪ್ರಿಪೊಸಿಷನ್‌ಗಳು

‘2019ರಿಂದ ಇಲ್ಲಿದ್ದೇನೆ’, ‘ಎರಡು ವರ್ಷದಿಂದ ಇಲ್ಲಿದ್ದೇನೆ’, ‘ಹತ್ತು ಗಂಟೆಯಿಂದ ಕ್ಲಾಸಿದೆ’. ಮೂರರಲ್ಲೂ ಒಂದೇ ‘ಇಂದ’. ಇಂಗ್ಲಿಷ್ ಇಲ್ಲಿ ಮೂರು ಪದ ಕೇಳುತ್ತದೆ: ಮೊದಲನೆಯದಕ್ಕೆ ಸಿನ್ಸ್, ಎರಡನೆಯದಕ್ಕೆ ಫಾರ್, ಮೂರನೆಯದಕ್ಕೆ ಫ್ರಂ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್ ಬರೆಯುವವರು ಎಡವುವುದು ಹೆಚ್ಚಾಗಿ ಇಲ್ಲೇ. ಆ್ಯಟ್, ಆನ್, ಇನ್ ಶಾಲೆಯಲ್ಲೇ ಬಾಯಿಪಾಠ ಆಗಿರುತ್ತವೆ. ಹಾಗಾಗಿ ಈ ಟಿಪ್ಪಣಿಯಲ್ಲಿ ‘ಇಂದ’ವನ್ನೇ ಮೊದಲು ಹಿಡಿಯೋಣ.

‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್.’ ಈ ವಾಕ್ಯ ನಮ್ಮ ಆಫೀಸುಗಳಲ್ಲಿ ದಿನಾ ಕೇಳಿಸುತ್ತದೆ. ಇದರಲ್ಲಿ ತಪ್ಪು ಎರಡು. ಸಿನ್ಸ್ ಆದಮೇಲೆ ಶುರುವಾದ ಗಳಿಗೆ ಬರಬೇಕು: ಸಿನ್ಸ್ 2019, ಸಿನ್ಸ್ ಮಂಡೇ, ಸಿನ್ಸ್ ಯುಗಾದಿ. ‘ಟೂ ಇಯರ್ಸ್’ ಗಳಿಗೆ ಅಲ್ಲ, ಅವಧಿ. ಅವಧಿಗೆ ಫಾರ್. ಕ್ಯಾಲೆಂಡರಿನಲ್ಲಿ ‘ಇಗೋ, ಇಲ್ಲಿಂದ’ ಅಂತ ಬೆರಳಿಟ್ಟು ತೋರಿಸಲು ಆಗುತ್ತದೆಯೇ? ಹಾಗಾದರೆ ಸಿನ್ಸ್. ‘ಎಷ್ಟು ದಿನ, ಎಷ್ಟು ವರ್ಷ’ ಅಂತ ಅಳೆಯುತ್ತಿದ್ದೀರಾ? ಹಾಗಾದರೆ ಫಾರ್.

ಎರಡನೆಯ ತಪ್ಪು ಕ್ರಿಯಾಪದದ್ದು. ಕನ್ನಡದಲ್ಲಿ ‘ಮಾಡ್ತಿದ್ದೇನೆ’ ಅಂದರೆ ಸಾಕು, ವರ್ತಮಾನವೇ ಎಲ್ಲ ಹೇಳುತ್ತದೆ. ಹಿಂದೆ ಶುರುವಾಗಿ ಈಗಲೂ ನಡೆದಿರುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಹ್ಯಾವ್ ಬೀನ್’ ಬೇಕು. ಆದ್ದರಿಂದ ಸರಿಯಾದ ವಾಕ್ಯ: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್.’

ಫಾರ್ ಬಳಸುವಾಗ ಈ ಕ್ರಿಯಾಪದದ ಮೇಲೆ ವಿಶೇಷ ಗಮನ ಇರಲಿ. ‘ಐ ಲಿವ್ಡ್ ಇನ್ ಧಾರವಾಡ ಫಾರ್ ಟೂ ಇಯರ್ಸ್’ ಅಂದರೆ ಎರಡು ವರ್ಷ ಇದ್ದೆ, ಆಮೇಲೆ ಬಿಟ್ಟೆ. ‘ಐ ಹ್ಯಾವ್ ಲಿವ್ಡ್ ಇನ್ ಧಾರವಾಡ ಫಾರ್ ಟೂ ಇಯರ್ಸ್’ ಅಂದರೆ ಈಗಲೂ ಅಲ್ಲೇ ಇದ್ದೇನೆ. ಕೆಲಸದ ಇಂಟರ್‌ವ್ಯೂನಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಮೊದಲನೆಯ ರೀತಿಯಲ್ಲಿ ಹೇಳಿದರೆ ಈಗಿನ ಕೆಲಸ ಬಿಟ್ಟಾಗಿದೆ ಅಂತಲೇ ಎದುರಿನವರು ತಿಳಿಯುತ್ತಾರೆ.

‘ಫ್ರಂ ಲಾಸ್ಟ್ ಟೂ ಇಯರ್ಸ್’ ಕೂಡ ಇದೇ ‘ಇಂದ’ದ ಕೂಸು. ‘ಫಾರ್ ದ ಲಾಸ್ಟ್ ಟೂ ಇಯರ್ಸ್’ ಅನ್ನಬೇಕು. ‘ತುಂಬಾ ದಿನದಿಂದ’ ಅನ್ನುವುದಕ್ಕೆ ‘ಸಿನ್ಸ್ ಲಾಂಗ್’ ಬೇಡ, ‘ಫಾರ್ ಎ ಲಾಂಗ್ ಟೈಮ್’ ಬರೆಯಿರಿ. ಫ್ರಂ ಸಾಮಾನ್ಯವಾಗಿ ಕೊನೆಯನ್ನೂ ಜೊತೆಗೆ ಕರೆತರುತ್ತದೆ: ‘ಫ್ರಂ ಟೆನ್ ಟು ಫೈವ್’.

ಗಳಿಗೆಯೋ ಅವಧಿಯೋ ಎಂಬ ಈ ಪ್ರಶ್ನೆ ‘ಒಳಗೆ’ ಅನ್ನುವ ಪದಕ್ಕೂ ಉಪಯೋಗಕ್ಕೆ ಬರುತ್ತದೆ. ‘ಶುಕ್ರವಾರದೊಳಗೆ ಫೀಸ್ ಕಟ್ಟಿ’ ಅನ್ನುವಲ್ಲಿ ಶುಕ್ರವಾರ ಒಂದು ಗಡುವು, ಹಾಗಾಗಿ ‘ಬೈ ಫ್ರೈಡೇ’. ‘ಮೂರು ದಿನದೊಳಗೆ ಕಟ್ಟಿ’ ಅಂದರೆ ಅವಧಿ, ಹಾಗಾಗಿ ‘ವಿದಿನ್ ತ್ರೀ ಡೇಸ್’. ‘ಬೈ ಫ್ರೈಡೇ’ ಅಂದಾಗ ಶುಕ್ರವಾರ ಕಟ್ಟಿದರೂ ನಡೆಯುತ್ತದೆ. ‘ಬಿಫೋರ್ ಫ್ರೈಡೇ’ ಅಂದರೆ ಗುರುವಾರವೇ ಕೊನೆ. ಅರ್ಜಿ ತುಂಬುವಾಗ ಇದನ್ನು ಎರಡು ಸಲ ಓದಿ.

‘ವರೆಗೆ’ಗೆ ಅನ್ಟಿಲ್ ಅಥವಾ ಟಿಲ್. ಆದರೆ ಅದು ಬರುವುದು ಎಡೆಬಿಡದೆ ಮುಂದುವರಿಯುವ ಸ್ಥಿತಿಗೆ: ‘ದ ಲೈಬ್ರರಿ ಈಸ್ ಓಪನ್ ಅನ್ಟಿಲ್ ಏಯ್ಟ್’. ಒಮ್ಮೆ ಮಾಡಿ ಮುಗಿಸುವ ಕೆಲಸಕ್ಕೆ ಬೈ. ‘ಸಬ್ಮಿಟ್ ದ ಫಾರ್ಮ್ ಅನ್ಟಿಲ್ ಫ್ರೈಡೇ’ ತಪ್ಪು, ಏಕೆಂದರೆ ಫಾರ್ಮನ್ನು ಶುಕ್ರವಾರದವರೆಗೂ ಕೊಡುತ್ತಲೇ ಇರುವುದಿಲ್ಲವಲ್ಲ.

‘ಎರಡು ದಿನದ ಹಿಂದೆ ಬಂದೆ’ ಅನ್ನುವುದು ‘ಬಿಫೋರ್ ಟೂ ಡೇಸ್’ ಆಗುವುದಿಲ್ಲ, ‘ಟೂ ಡೇಸ್ ಅಗೋ’. ಇವತ್ತಿನಿಂದ ಲೆಕ್ಕ ಹಾಕಿದ ‘ಎರಡು ದಿನ ಬಿಟ್ಟು ಬರ್ತೀನಿ’ಗೆ ‘ಐ ವಿಲ್ ಕಮ್ ಇನ್ ಟೂ ಡೇಸ್’ ಸಹಜ. ನಮ್ಮವರು ‘ಆಫ್ಟರ್ ಟೂ ಡೇಸ್’ ಅನ್ನುತ್ತಾರೆ, ಅರ್ಥವಂತೂ ಆಗುತ್ತದೆ. ಆದರೂ ಇನ್ ರೂಢಿ ಮಾಡಿಕೊಳ್ಳುವುದೇ ಒಳ್ಳೆಯದು.

ಇನ್ನು ಬಾಯಿಪಾಠದ ಮೂರು. ಗಡಿಯಾರದ ಹೊತ್ತಿಗೆ ಆ್ಯಟ್, ದಿನಕ್ಕೆ ಆನ್, ತಿಂಗಳು, ವರ್ಷದಂಥ ದೊಡ್ಡ ಅವಧಿಗೆ ಇನ್. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು ‘ಇನ್ 1973’, ‘ಇನ್ ನವೆಂಬರ್ 1973’. ತಾರೀಖು ಸೇರಿತೋ, ‘ಆನ್ 1 ನವೆಂಬರ್ 1973’. ಬೆಳಗ್ಗೆಗೆ ‘ಇನ್ ದ ಮಾರ್ನಿಂಗ್’ ಸರಿ, ಆದರೆ ವಾರದ ಹೆಸರು ಅಂಟಿಕೊಂಡ ಕೂಡಲೇ ಅದು ದಿನದ ಲೆಕ್ಕಕ್ಕೆ ಸೇರಿ ‘ಆನ್ ಮಂಡೇ ಮಾರ್ನಿಂಗ್’ ಆಗುತ್ತದೆ. ರಾತ್ರಿ ಹೊತ್ತು ಅನ್ನುವುದಕ್ಕೆ ‘ಆ್ಯಟ್ ನೈಟ್’. ವಾರಾಂತ್ಯಕ್ಕೆ ಬ್ರಿಟಿಷರು ‘ಆ್ಯಟ್ ದ ವೀಕೆಂಡ್’, ಅಮೆರಿಕದವರು ‘ಆನ್ ದ ವೀಕೆಂಡ್’ ಅನ್ನುತ್ತಾರೆ. ಎರಡೂ ಸರಿ.

ನೆಕ್ಸ್ಟ್, ಲಾಸ್ಟ್, ದಿಸ್, ಎವ್ರಿ ಇದ್ದ ಕಡೆ ಇವು ಮೂರೂ ಬೇಡ. ‘ಆನ್ ನೆಕ್ಸ್ಟ್ ಮಂಡೇ’ ಅಲ್ಲ, ‘ನೆಕ್ಸ್ಟ್ ಮಂಡೇ’. ‘ಮುಂದಿನ ಸೋಮವಾರ ಬರ್ತೀನಿ’ ಅನ್ನುವಾಗ ನಾವೂ ಪ್ರತ್ಯಯ ಹಚ್ಚುವುದಿಲ್ಲ, ಇಲ್ಲಿ ಕನ್ನಡದ ಅಭ್ಯಾಸವೇ ಕೈಹಿಡಿಯುತ್ತದೆ.

‘ಆನ್ ಟೈಮ್’, ‘ಇನ್ ಟೈಮ್’ ಒಂದೇ ಅಲ್ಲ. ರೈಲು 6:15ಕ್ಕೆ ಬರಬೇಕಿತ್ತು, 6:15ಕ್ಕೇ ಬಂತು: ‘ಆನ್ ಟೈಮ್’. ನಾವು ಆರಕ್ಕೇ ಸ್ಟೇಷನ್ ತಲುಪಿದೆವು, ರೈಲು ತಪ್ಪಲಿಲ್ಲ: ‘ಇನ್ ಟೈಮ್’.

ಕೊನೆಗೆ ರಜೆ ಚೀಟಿ. ‘ಐ ವಿಲ್ ಬಿ ಆನ್ ಲೀವ್ ಟಿಲ್ ಫ್ರೈಡೇ’ ಅಂತ ಬರೆದರೆ ಶುಕ್ರವಾರ ಕೆಲಸಕ್ಕೆ ಬರುತ್ತೀರೋ ಇಲ್ಲವೋ ಓದಿದವರಿಗೆ ಖಚಿತವಾಗುವುದಿಲ್ಲ. ಟಿಲ್ ಎಂಬುದು ಆ ದಿನವನ್ನು ಸೇರಿಸಿಕೊಂಡಿದೆಯೋ ಬಿಟ್ಟಿದೆಯೋ ಸಂದರ್ಭವೇ ಹೇಳಬೇಕು. ‘ಫ್ರಂ ಮಂಡೇ ಟು ಫ್ರೈಡೇ’ ಬರೆದು, ಅದರ ಮುಂದೆ ‘ಐ ವಿಲ್ ಬಿ ಬ್ಯಾಕ್ ಆನ್ ಸ್ಯಾಟರ್ಡೇ’ ಅಂತ ಸೇರಿಸಿ.