ಊರು ಮೊದಲು, ರೈಲು ಆಮೇಲೆ

ಆಷಾಢ ಕಳೆದು ಶ್ರಾವಣ ಹಿಡಿಯುವ ಹೊತ್ತಿಗೆ ಕುಮಟೆಯ ನನ್ನ ಕಾರ್ಯಾಗಾರಕ್ಕೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: "ರೈಲು ತರಿಸಿಯಾಗಿದೆ, ಚೌತಿಗೆ ಅದಕ್ಕೊಂದು ಊರು ಮಾಡಿಕೊಡಬೇಕು." ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಗೋದಲಿಗಾಗಿ ಕಾರವಾರ, ಹೊನ್ನಾವರಗಳಿಂದ ಬರುವ ಬೇಡಿಕೆಯೂ ಇದೇ. ಗಣಪತಿಯ ಮುಂದೆ, ಗೋದಲಿಯ ಸುತ್ತ, ಜಗುಲಿಯ ಮೂಲೆಯಲ್ಲಿ ಪುಟ್ಟ ಊರುಗಳನ್ನು ಕಟ್ಟಿ ಅವುಗಳೊಳಗೆ ಆಟಿಕೆ ರೈಲು ಓಡಿಸುವ ಕೆಲಸವನ್ನು ಇಪ್ಪತ್ತು ವರ್ಷಗಳಿಂದ ಮಾಡಿಕೊಂಡು ಬಂದಿರುವ ನಾನು ಪ್ರತಿಯೊಬ್ಬರಿಗೂ ಹೇಳುವುದು ಇಷ್ಟೇ: ಊರು ಎಷ್ಟು ದೊಡ್ಡದು, ಅದರ ಮನೆಗಳು ಎಷ್ಟೆತ್ತರ, ಅದು ಕೂರುವ ಜಾಗ ಎಷ್ಟಗಲ ಎಂಬುದು ತೀರ್ಮಾನವಾಗುವ ಮೊದಲು ರೈಲು ಕೊಳ್ಳಬೇಡಿ. ಮನೆಯನ್ನು ನಾಲ್ಕು ದಿನ ತಡವಾಗಿಯಾದರೂ ಬೇರೆ ಅಳತೆಯಲ್ಲಿ ಮಾಡಬಹುದು, ಆದರೆ ಪೆಟ್ಟಿಗೆಯಿಂದ ಹೊರಬಂದ ಎಂಜಿನ್ನಿನ ಅಳತೆಯನ್ನು ಬದಲಿಸಲು ಯಾರಿಂದಲೂ ಆಗುವುದಿಲ್ಲ.

ಕಾರವಾರದ ಕೋಡಿಬಾಗದ ಒಂದು ಮನೆಯ ಉದಾಹರಣೆ ಕೊಡುತ್ತೇನೆ. ಆ ಮನೆಯವರು ಹಲವು ವರ್ಷಗಳಿಂದ ಜಾತ್ರೆಗಳಲ್ಲಿ ಕೊಂಡು ಕೂಡಿಸಿದ ಮಣ್ಣಿನ ಮನೆಗಳಿಂದ ಚೌತಿಗೆ ಒಂದು ಊರನ್ನು ಸಜ್ಜುಗೊಳಿಸುತ್ತಿದ್ದರು. ಹಂಚಿನ ಮಾಡು, ತುಳಸಿಕಟ್ಟೆ, ಹುಲ್ಲಿನ ಗೊಣಬೆ ಎಲ್ಲವೂ ಇದ್ದ ಆ ಊರಿನ ಅತಿ ಎತ್ತರದ ಮನೆಯ ಮಾಡಿನ ತುದಿ ನೆಲದಿಂದ 12 ಸೆಂಟಿಮೀಟರ್ ಇತ್ತು. ವಿದೇಶದಲ್ಲಿರುವ ಮಗ ಪ್ರೀತಿಯಿಂದ ಕಳಿಸಿಕೊಟ್ಟದ್ದು ಜಿ ಸ್ಕೇಲ್ ಎಂಬ ದೊಡ್ಡ ಅಳತೆಯ ಎಂಜಿನ್. ಅದನ್ನು ಹಳಿಯ ಮೇಲಿಟ್ಟಾಗ ಅದರ ಹೊಗೆಕೊಳವೆ ಎಲ್ಲ ಮನೆಗಳ ಮಾಡನ್ನೂ ದಾಟಿ ಮೇಲೆ ನಿಂತಿತು. ಮನೆಯ ಹಿರಿಯ ಅಮ್ಮನವರು ಸ್ವಲ್ಪ ಹೊತ್ತು ನೋಡಿ, "ಈ ರೈಲಿನಿಂದ ಇಳಿದವರು ಈ ಮನೆಯೊಳಗೆ ಹೇಗೆ ಹೋಗುತ್ತಾರೆ?" ಎಂದು ಕೇಳಿದರು. ಸ್ಕೇಲಿನ ವಿಷಯದಲ್ಲಿ ಕೇಳಬೇಕಾದ ಸರಿಯಾದ ಪ್ರಶ್ನೆ ಅದೇ ಆಗಿತ್ತು.

ಇಲ್ಲಿ ಎರಡು ಪದಗಳನ್ನು ಬೇರೆಬೇರೆಯಾಗಿ ಹಿಡಿಯಬೇಕು. ಸ್ಕೇಲ್ ಎಂದರೆ ನಿಜವಾದ ವಸ್ತುವನ್ನು ಎಷ್ಟು ಪಟ್ಟು ಕಿರಿದುಗೊಳಿಸಿದ್ದಾರೆ ಎಂಬ ಲೆಕ್ಕ, ಗೇಜ್ ಎಂದರೆ ಎರಡು ಹಳಿಗಳ ನಡುವಿನ ಅಂತರ. ಆಟಿಕೆ ರೈಲಿನ ಗೇಜ್‌ಗಳಿಗೆ ಒಂದು ಕ್ರಮ ಬಂದದ್ದು 1891ರಲ್ಲಿ, ಜರ್ಮನಿಯ ಮಾರ್ಕ್ಲಿನ್ ಸಂಸ್ಥೆ ಲೈಪ್ಜಿಗ್ ಮೇಳದಲ್ಲಿ ತನ್ನ ಹಳಿಗಳನ್ನು ಸಂಖ್ಯೆ ಕೊಟ್ಟು ಇಟ್ಟಾಗ. ಆಮೇಲೆ ಬಂದವರು ಒಂದೇ ಹಳಿಯ ಮೇಲೆ ಬೇರೆಬೇರೆ ಸ್ಕೇಲಿನ ಗಾಡಿಗಳನ್ನು ಓಡಿಸಿದ್ದರಿಂದ, ಹಳಿ ಹೊಂದಿತು ಎಂದ ಮಾತ್ರಕ್ಕೆ ಗಾಡಿಯೂ ಊರಿಗೆ ಹೊಂದುತ್ತದೆ ಎನ್ನುವಂತಿಲ್ಲ.

ಅಳತೆ ಹಿಡಿಯಲು ನಾನು ಬಳಸುವುದು ಒಂದು ಗೊಂಬೆಯನ್ನು. ಮನೆಯ ಬಾಗಿಲನ್ನು ಅಳೆಯಿರಿ ಎಂದು ಹಲವರು ಹೇಳುತ್ತಾರೆ, ಆದರೆ ನಮ್ಮ ಶಿರಸಿ, ಸಿದ್ದಾಪುರದ ಕಡೆಯ ಹಳೆಯ ಮನೆಗಳಲ್ಲಿ ತಲೆಬಾಗಿಯೇ ಒಳಗೆ ಹೋಗಬೇಕಾದಷ್ಟು ಗಿಡ್ಡ ಬಾಗಿಲುಗಳಿರುವುದರಿಂದ, ಅವನ್ನು ನೋಡಿ ಮಾಡಿದ ಮಾದರಿಗಳಲ್ಲಿ ಬಾಗಿಲಿನ ಲೆಕ್ಕ ದಾರಿ ತಪ್ಪಿಸುತ್ತದೆ. ಮಾರುಕಟ್ಟೆಯ ಪಿಂಗಾಣಿ ಮನೆಗಳಲ್ಲಿ ಇದಕ್ಕೆ ವಿರುದ್ಧವಾದ ತೊಂದರೆ ಇದೆ, ಅಲ್ಲಿ ಬಾಗಿಲು ದೊಡ್ಡದು, ಕಟ್ಟಡ ಕುಗ್ಗಿದ್ದು. ಊರಿನಲ್ಲಿ ನಿಲ್ಲಿಸುವ ಮನುಷ್ಯರ ಗೊಂಬೆಗಳ ಎತ್ತರ ಮಾತ್ರ ನೋಡುವವರ ಕಣ್ಣಿಗೆ ತಟ್ಟನೆ ಅಳತೆಗೋಲಾಗುತ್ತದೆ. ಐದೂವರೆ ಅಡಿಯ ಮನುಷ್ಯ 1:22.5ರ ಜಿ ಸ್ಕೇಲಿನಲ್ಲಿ ಸುಮಾರು 75 ಮಿಲಿಮೀಟರ್, 1:48ರ ಓ ಸ್ಕೇಲಿನಲ್ಲಿ 35, 1:64ರ ಎಸ್ ಸ್ಕೇಲಿನಲ್ಲಿ 26, 1:87ರ ಎಚ್‌ಒ ಸ್ಕೇಲಿನಲ್ಲಿ 19 ಮಿಲಿಮೀಟರ್ ಇರುತ್ತಾನೆ. ನಿಮ್ಮಲ್ಲಿರುವ ಗೊಂಬೆಯನ್ನು ಅಳೆದರೆ ಯಾವ ರೈಲು ಬೇಕೆಂಬುದು ಹೆಚ್ಚುಕಡಿಮೆ ಗೊತ್ತಾದಂತೆಯೇ.

ಆ ಐದೂವರೆ ಅಡಿಯಲ್ಲಿ ಇನ್ನೊಂದು ಅನುಕೂಲವಿದೆ. ನಮ್ಮ ದೇಶದ ಬ್ರಾಡ್‌ಗೇಜ್ ಹಳಿಗಳ ಅಂತರವೂ ಸರಿಯಾಗಿ ಐದೂವರೆ ಅಡಿ, ಅಂದರೆ 1676 ಮಿಲಿಮೀಟರ್. ಆದ್ದರಿಂದ ಗೊಂಬೆಯನ್ನು ಹಳಿಗಳಿಗೆ ಅಡ್ಡವಾಗಿ ಮಲಗಿಸಿ ನೋಡಿದರೆ, ಆ ಹಳಿ ಕೊಂಕಣ ರೈಲ್ವೆಯ ಹಳಿಯಂತೆ ಕಾಣುತ್ತದೆಯೇ ಇಲ್ಲವೇ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಓ ಗೇಜಿನ ಹಳಿಯ ಅಂತರ 32 ಮಿಲಿಮೀಟರ್, ಗೊಂಬೆ 35. ಮೂರು ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಜಿ ಸ್ಕೇಲಿನಲ್ಲಿ ಗೊಂಬೆ 75, ಹಳಿಯ ಅಂತರ ಕೇವಲ 45. ಅದಕ್ಕೆ ಕಾರಣವಿದೆ: 1968ರಲ್ಲಿ ನ್ಯೂರೆಂಬರ್ಗಿನ ಲೆಹ್ಮನ್ ಸಂಸ್ಥೆ ಎಲ್‌ಜಿಬಿ ಹೆಸರಿನಲ್ಲಿ ಈ ರೈಲನ್ನು ತಂದಾಗ ಯುರೋಪಿನ ಮೀಟರ್‌ಗೇಜ್ ಗಾಡಿಗಳನ್ನು ಮಾದರಿಯಾಗಿ ಇಟ್ಟುಕೊಂಡಿತ್ತು, 45ನ್ನು 22.5ರಿಂದ ಗುಣಿಸಿದರೆ ಒಂದು ಮೀಟರಿನ ಹತ್ತಿರಕ್ಕೇ ಬರುತ್ತದೆ. ಕರಾವಳಿಯ ನಿಲ್ದಾಣವನ್ನು ತೋರಿಸಬೇಕೆನ್ನುವವರಿಗೆ ಜಿ ಸ್ಕೇಲ್ ಆದ್ದರಿಂದ ಸರಿಹೊಂದುವುದಿಲ್ಲ. ಆದರೆ 1990ರ ದಶಕದವರೆಗೂ ಮೀಟರ್‌ಗೇಜ್ ಆಗಿದ್ದ ಹುಬ್ಬಳ್ಳಿ–ಲೋಂಡಾ–ಮಾರ್ಮಗೋವಾ ಮಾರ್ಗದ ಹೊಗೆ ರೈಲಿನ ನೆನಪಿರುವ ಹಿರಿಯರ ಮನೆಗೆ ಅದು ಬಹಳ ಚೆನ್ನಾಗಿ ಒಪ್ಪುತ್ತದೆ.

ಜಿ ಸ್ಕೇಲನ್ನೇ ಕೊಳ್ಳುತ್ತೇವೆ ಎನ್ನುವವರಿಗೆ ನನ್ನ ಸಲಹೆಯೆಂದರೆ, ಊರು ಕಟ್ಟುವ ಆಸೆಯನ್ನು ಬಿಟ್ಟು ಒಂದೇ ಮನೆ, ಅದರ ಅಂಗಳ, ಪಕ್ಕದಲ್ಲೊಂದು ಪುಟ್ಟ ನಿಲ್ದಾಣ, ಇಷ್ಟನ್ನು ಮಾತ್ರ ಚೆನ್ನಾಗಿ ಕಟ್ಟಿ. ಹದಿನೈದು ಮೀಟರಿನ ಅಡಿಕೆ ಮರ ಈ ಸ್ಕೇಲಿನಲ್ಲಿ ಎರಡು ಅಡಿಗಿಂತ ಎತ್ತರ ನಿಲ್ಲುತ್ತದೆ, ಹತ್ತು ಮರ ನೆಟ್ಟರೆ ಗಣಪತಿಯೇ ಮರೆಯಾಗಿಬಿಡುತ್ತಾನೆ. ಅದೇ ಮರ ಓ ಸ್ಕೇಲಿನಲ್ಲಿ ಒಂದು ಅಡಿ, ಎಚ್‌ಒದಲ್ಲಿ ಒಂದು ಗೇಣಿಗಿಂತ ಕಡಿಮೆ. ಕೋಡಿಬಾಗದ ಮನೆಯಲ್ಲೂ ನಾವು ಮಾಡಿದ್ದು ಇದನ್ನೇ. ಮಗ ಕಳಿಸಿದ ಎಂಜಿನ್ನಿಗೆ ಜಗುಲಿಯ ಮೇಲೆ ಬೇರೆಯೇ ಜಾಗ ಮಾಡಿ ಚಿರೆಕಲ್ಲಿನ ಬಣ್ಣದ ಒಂದು ನಿಲ್ದಾಣ, ಮೂರು ಅಡಿಕೆ ಮರ ನಿಲ್ಲಿಸಿದೆವು, ಹಳೆಯ ಮಣ್ಣಿನ ಊರು ತನ್ನ ಜಾಗದಲ್ಲೇ ಉಳಿಯಿತು.

ಇನ್ನು ತಿರುವು. ಮಂಟಪದ ಮುಂದಿನ ಜಾಗ ಹೆಚ್ಚಿನ ಮನೆಗಳಲ್ಲಿ ಒಂದು ಪ್ಲೈವುಡ್ ಹಾಳೆಯಷ್ಟು, ಅಂದರೆ ನಾಲ್ಕು ಅಡಿಗೆ ಎಂಟು ಅಡಿ. ರೈಲು ಇಲ್ಲಿ ತಿರುಗಿ ಬರಬೇಕಾದರೆ ತಿರುವಿನ ತ್ರಿಜ್ಯ ಎರಡು ಅಡಿಗಿಂತಲೂ ಕಡಿಮೆ ಇರಲೇಬೇಕು. ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆಗಳಿಂದ ಇಲ್ಲಿ ಹಲವರು ಮೋಸಹೋಗುತ್ತಾರೆ: ನಡುವೆ ವಿದ್ಯುತ್ತಿಗಾಗಿ ಇನ್ನೊಂದು ಹಳಿ ಇರುವ ಅಮೆರಿಕದ ಮೂರು ಹಳಿಯ ಓ ಗೇಜಿನಲ್ಲಿ "ಓ-36" ಎಂದರೆ 36 ಇಂಚು ವ್ಯಾಸದ ವೃತ್ತ, ಎಚ್‌ಒದಲ್ಲಿ "18 ಇಂಚು" ಎಂದರೆ ತ್ರಿಜ್ಯ. ಎರಡೂ ಒಂದೇ ಅಳತೆಯ ತಿರುವು. ಎಲ್‌ಜಿಬಿಯ ಅತಿ ಚಿಕ್ಕ ತಿರುವಿಗೆ 60 ಸೆಂಟಿಮೀಟರ್ ತ್ರಿಜ್ಯವಿದ್ದು, ಹಳಿಯ ಹೊರಗೆ ಚಾಚುವ ಗಾಡಿಯ ಅಂಚನ್ನೂ ಸೇರಿಸಿದರೆ ನಾಲ್ಕು ಅಡಿಯ ಹಲಗೆ ಸಾಲುವುದಿಲ್ಲ.

ತಿರುವಿನ ತ್ರಿಜ್ಯ ಅತಿ ಉದ್ದದ ಬೋಗಿಯ ಮೂರು ಪಟ್ಟಾದರೂ ಇರಬೇಕು, ಎರಡು ಪಟ್ಟಿಗಿಂತ ಕೆಳಗೆ ಹೋದರೆ ಹಳಿ ತಪ್ಪುವುದು ಖಂಡಿತ ಎಂಬ ಲೆಕ್ಕವನ್ನು ನಾನು ಪಾಲಿಸುತ್ತೇನೆ. ನಮ್ಮ ರೈಲ್ವೆಯ ಇಂದಿನ ಎಲ್‌ಎಚ್‌ಬಿ ಮಾದರಿಯ ಬೋಗಿಯ ಉದ್ದ ಸುಮಾರು 24 ಮೀಟರ್. ಓ ಸ್ಕೇಲಿನಲ್ಲಿ ಅದು ಅರ್ಧ ಮೀಟರ್ ಆಗುವುದರಿಂದ ಅದಕ್ಕೆ ಒಂದೂವರೆ ಮೀಟರ್ ತ್ರಿಜ್ಯ, ಎಂದರೆ ಇಡೀ ಕೋಣೆಯೇ ಬೇಕಾಗುತ್ತದೆ. ಹೊನ್ನಾವರದ ಶರಾವತಿ ಸೇತುವೆಯನ್ನು ಪೂರ್ತಿ ಮಾಡಿಕೊಡಿ ಎಂದು ಕೇಳುವವರಿದ್ದಾರೆ. ಎರಡು ಕಿಲೋಮೀಟರ್ ದಾಟುವ ಆ ಸೇತುವೆ ಓ ಸ್ಕೇಲಿನಲ್ಲಿ 43 ಮೀಟರ್ ಆಗುತ್ತದೆ. ನಾಲ್ಕು ಕಂಬ ನಿಲ್ಲಿಸಿ ಕೆಳಗೆ ನೀರು, ಒಂದು ದೋಣಿ ತೋರಿಸಿದರೆ ನೋಡಿದವರಿಗೆ ಅದು ಶರಾವತಿ ಎಂದು ತಿಳಿಯುತ್ತದೆ.

ದೊಡ್ಡ ಮನೆಗಳು, ಚಿಕ್ಕ ಹಲಗೆ ಎಂಬ ಈ ಇಕ್ಕಟ್ಟಿಗೆ ನನ್ನ ಅನುಭವದಲ್ಲಿ ಅತ್ಯುತ್ತಮ ಉತ್ತರ ಓಎನ್ 30 ಎಂಬ ಬಗೆ. ಇದರಲ್ಲಿ ಗಾಡಿ ಓ ಸ್ಕೇಲಿನದು, ಹಳಿ ಎಚ್‌ಒ ಗೇಜಿನದು, ಅಂದರೆ 16.5 ಮಿಲಿಮೀಟರಿನದು. ಇದು ಎರಡೂವರೆ ಅಡಿಯ ನ್ಯಾರೋಗೇಜನ್ನು, ನಮ್ಮ ದೇಶದಲ್ಲಿ ಕಾಲ್ಕಾ–ಶಿಮ್ಲಾ ಮಾರ್ಗದಲ್ಲಿರುವ ಗೇಜನ್ನು, ತೋರಿಸುತ್ತದೆ. ನ್ಯಾರೋಗೇಜ್ ಬೋಗಿಗಳು ಗಿಡ್ಡವಾಗಿರುವುದರಿಂದ 18 ಇಂಚು ತ್ರಿಜ್ಯದ ತಿರುವಿನಲ್ಲೂ ನಿರಾತಂಕವಾಗಿ ತಿರುಗುತ್ತವೆ, 35 ಮಿಲಿಮೀಟರಿನ ಗೊಂಬೆ ಬೋಗಿಯ ಬಾಗಿಲಲ್ಲಿ ಸಹಜವಾಗಿ ನಿಲ್ಲುತ್ತದೆ. ರೈಲನ್ನೇ ಕಾಣದ ಶಿರಸಿಯಂಥ ಊರಿಗೆ ಘಟ್ಟ ಹತ್ತುವ ಒಂದು ಪುಟ್ಟ ರೈಲನ್ನು ಕಲ್ಪಿಸಿಕೊಂಡು ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಕುಮಟೆಯಿಂದ ದೇವಿಮನೆ ಘಟ್ಟದ ಮೂಲಕ ಶಿರಸಿಗೆ ಹೋಗುವ ಅಂಥ ಒಂದು ಮಾರ್ಗವನ್ನು ನಾನೇ ಮೂರು ಬಾರಿ ಕಟ್ಟಿದ್ದೇನೆ. ಹಿಂದಿನ ಘಟ್ಟದ ಮೇಲೆ ಎಚ್‌ಒ ಸ್ಕೇಲಿನ ಚಿಕ್ಕ ಮನೆಗಳನ್ನಿಟ್ಟರೆ ಅವು ದೂರದಲ್ಲಿರುವಂತೆ ಕಾಣುತ್ತವೆ. ಆದರೆ ರೈಲು ಆ ಮನೆಗಳ ಪಕ್ಕಕ್ಕೆ ಹೋಗದಂತೆ, ಅದಕ್ಕೆ ಮೊದಲೇ ಸುರಂಗದಲ್ಲಿ ಮರೆಯಾಗುವಂತೆ ನೋಡಿಕೊಳ್ಳಬೇಕು. ಒಂದು ಹಳಿಯ ಮೇಲೆ ಇನ್ನೊಂದನ್ನು ದಾಟಿಸುವ ಆಸೆ ಈ ಜಾಗದಲ್ಲಿ ಬೇಡ. ನೂರಕ್ಕೆ ನಾಲ್ಕರಷ್ಟು ಕಡಿದಾದ ಏರಿನಲ್ಲೂ 14 ಸೆಂಟಿಮೀಟರ್ ಮೇಲೇರಲು ಮೂರೂವರೆ ಮೀಟರ್ ಉದ್ದ ಬೇಕು, ಇಳಿಯಲು ಮತ್ತೆ ಅಷ್ಟೇ.

ಹಬ್ಬದ ಮನೆಯಲ್ಲಿ ರೈಲು ಎದುರಿಸುವ ಕಷ್ಟಗಳು ಪೆಟ್ಟಿಗೆಯ ಜತೆ ಬರುವ ಪುಸ್ತಿಕೆಯಲ್ಲಿ ಇರುವುದಿಲ್ಲ. ಅಂಕೋಲೆಯ ಒಂದು ಮನೆಯಲ್ಲಿ ಮೊದಲ ದಿನ ಸರಿಯಾಗಿ ಓಡಿದ ಎಚ್‌ಒ ರೈಲು, ಮಂಗಳಾರತಿ ಮುಗಿದ ಮೇಲೆ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಹಳಿ ತಪ್ಪತೊಡಗಿತು. ನಾನು ಟಾರ್ಚ್ ಹಿಡಿದು ನೆಲಕ್ಕೆ ಕೆನ್ನೆಯಿಟ್ಟು ನೋಡಿದಾಗ ಹಳಿ ಕವಲೊಡೆಯುವಲ್ಲಿ, ಚಕ್ರದ ಅಂಚು ಹಾದುಹೋಗುವ ಸಂದಿನಲ್ಲಿ, ಮಂತ್ರಾಕ್ಷತೆಯ ಒಂದೇ ಒಂದು ಕಾಳು ಅರಿಶಿನದ ಬಣ್ಣದಲ್ಲಿ ಸಿಕ್ಕಿಕೊಂಡಿತ್ತು. ಎಚ್‌ಒ ಚಕ್ರದ ಅಂಚಿನ ಆಳ ಒಂದು ಮಿಲಿಮೀಟರಿಗಿಂತ ಕಡಿಮೆ, ಒಂದು ಅಕ್ಕಿಕಾಳು ಅದನ್ನು ಎತ್ತಿ ಹೊರಗೆ ಹಾಕುತ್ತದೆ. ಓ ಗೇಜಿನ ಆಟಿಕೆ ಮಾದರಿಗಳಲ್ಲೂ ಜಿ ಸ್ಕೇಲಿನಲ್ಲೂ ಆ ಅಂಚು ಹೆಚ್ಚು ಆಳವಾಗಿರುವುದರಿಂದ ಅವು ಇಂಥದ್ದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಹೂವು, ಅಕ್ಷತೆ ಬೀಳುವ ಜಾಗದಲ್ಲಿ ಹಳಿ ಹಾಯಲೇಬೇಕಾದರೆ ಕವಲು ಇಲ್ಲದ ಒಂದೇ ಸುತ್ತನ್ನು ಹಾಕಿ. ದೀಪ ಮತ್ತು ಕರ್ಪೂರದ ತಟ್ಟೆಯಿಂದ ಹಳಿ ಕನಿಷ್ಠ ಎರಡು ಅಡಿ ದೂರವಿರಲಿ, ಎಣ್ಣೆಯ ಒಂದು ಹನಿ ಹಳಿಗೆ ತಾಗಿದರೆ ಚಕ್ರಗಳು ಅದನ್ನು ಇಡೀ ಸುತ್ತಿಗೆ ಹರಡಿಬಿಡುತ್ತವೆ.

ವಿದ್ಯುತ್ತಿನ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಅಮೆರಿಕದಿಂದ ತಂದ ರೈಲಿನ ಟ್ರಾನ್ಸ್‌ಫಾರ್ಮರ್ 120 ವೋಲ್ಟಿನದು, ನಮ್ಮ ಗೋಡೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟ್. ನೇರವಾಗಿ ಚುಚ್ಚಿ ಸುಟ್ಟುಕೊಂಡು ತಂದ ಟ್ರಾನ್ಸ್‌ಫಾರ್ಮರ್‌ಗಳು ನನ್ನ ಕಪಾಟಿನಲ್ಲಿ ಐದಾರಿವೆ. ವೋಲ್ಟೇಜ್ ತಗ್ಗಿಸುವ ಪೆಟ್ಟಿಗೆ ಇಟ್ಟರೂ, 60 ಹರ್ಟ್ಸ್‌ಗೆ ಮಾಡಿದ ಹಳೆಯ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ, ಇಡೀ ದಿನ ಓಡಿಸಲು ಅದು ತಕ್ಕುದಲ್ಲ. ಮೂರು ಹಳಿಯ ಅಮೆರಿಕನ್ ಎಂಜಿನ್ನುಗಳಲ್ಲಿ ಇನ್ನೊಂದು ಗುಣವಿದೆ. ವಿದ್ಯುತ್ ಒಮ್ಮೆ ಕಡಿದು ಬಂದರೆ ಅವು ನಿಲುಗಡೆಗೆ, ಮತ್ತೊಮ್ಮೆ ಕಡಿದರೆ ಹಿಮ್ಮುಖಕ್ಕೆ ಬದಲಾಗುತ್ತವೆ. ಚೌತಿಯ ಮಳೆಗಾಳಿಯಲ್ಲಿ ಕರೆಂಟ್ ಕಣ್ಣು ಮಿಟುಕಿಸಿದಾಗಲೆಲ್ಲ ರೈಲು ತಾನಾಗಿಯೇ ನಿಲ್ಲುವುದು, ಹಿಂದೆ ಹೋಗುವುದು ಇದರಿಂದಲೇ, ಕೆಟ್ಟುಹೋಗಿದೆ ಎಂದು ಬಿಚ್ಚಲು ಹೋಗಬೇಡಿ. ಜಿ ಸ್ಕೇಲಿನಲ್ಲಿ ಬ್ಯಾಟರಿಯನ್ನು ಬೋಗಿಯೊಳಗೇ ಇಟ್ಟು ರಿಮೋಟಿನಿಂದ ಓಡಿಸುವ ವ್ಯವಸ್ಥೆ ಈ ಕಾರಣಕ್ಕಾಗಿಯೇ ನನಗೆ ಇಷ್ಟ.

ಕರಾವಳಿಯ ಗಾಳಿಯಲ್ಲಿ ಉಪ್ಪಿದೆ. ತಗಡಿನ ಹಳಿಗಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ಹಿತ್ತಾಳೆಯ ಹಳಿಗಳು ಕಪ್ಪಾಗಿ ವಿದ್ಯುತ್ತನ್ನು ತಡೆಯುತ್ತವೆ. ತಾಮ್ರ, ಸತು, ನಿಕಲ್ ಸೇರಿಸಿ ಮಾಡಿದ ನಿಕಲ್ ಸಿಲ್ವರ್ ಹಳಿ ಸ್ವಲ್ಪ ತುಟ್ಟಿಯಾದರೂ ಕಾರವಾರ, ಭಟ್ಕಳದವರು ಅದನ್ನೇ ಕೊಳ್ಳಬೇಕು. ಹಳಿಯನ್ನು ಮರಳುಕಾಗದದಿಂದ ಉಜ್ಜಬೇಡಿ, ಆ ಗೀರುಗಳಲ್ಲೇ ಕೊಳೆ ಕೂರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು. ಹಲಗೆಗೆ ನೀರು ತಾಳುವ ಪ್ಲೈವುಡ್ಡನ್ನೇ ಬಳಸಿ, ಇಲ್ಲವಾದರೆ ಮುಂದಿನ ಚೌತಿಗೆ ಬೂಷ್ಟು ಹಿಡಿದು ಬಾಗಿರುತ್ತದೆ.

ಮನೆಗಳನ್ನು ಹಲಗೆಗೆ ಅಂಟಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಅತಿ ಉದ್ದದ ಬೋಗಿಯ ನಡುವಿಗೂ ಎರಡು ತುದಿಗಳಿಗೂ ಪಕ್ಕದಿಂದ ಹೊರಗೆ ಒಂದು ಸೆಂಟಿಮೀಟರ್ ಚಾಚುವಂತೆ ರಟ್ಟಿನ ತುಂಡುಗಳನ್ನು ಅಂಟಿಸಿ, ಬೋಗಿಯನ್ನು ಕೈಯಿಂದ ನಿಧಾನವಾಗಿ ಇಡೀ ಸುತ್ತು ತಳ್ಳಿಕೊಂಡು ಹೋಗಿ. ತಿರುವಿನಲ್ಲಿ ಬೋಗಿಯ ನಡುಭಾಗ ಒಳಗೂ ತುದಿಗಳು ಹೊರಗೂ ಚಾಚುತ್ತವೆ. ಇದನ್ನು ಮರೆತು ನಾನು ಕಟ್ಟಿದ ಮೊದಲ ಊರಿನಲ್ಲಿ, ನಾಲ್ಕು ದಿನ ಕೂತು ಮಾಡಿದ ಜಗುಲಿಯ ಕಂಬವೊಂದನ್ನು ಮೊದಲ ಸುತ್ತಿನಲ್ಲೇ ರೈಲು ಮುರಿದುಹಾಕಿತ್ತು. ರಟ್ಟು ಎಲ್ಲಿ ತಾಗುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ, ಆ ಗೆರೆಯ ಹೊರಗೇ ಮನೆ, ಮರ, ಗೊಂಬೆಗಳನ್ನು ನಿಲ್ಲಿಸಿ.