ಒಂದು ಸಾಲು ತಿದ್ದಿದರೆ ಇಡೀ ಪ್ಯಾಕೇಜ್ ಯಾಕೆ ಮತ್ತೆ ಕಂಪೈಲ್ ಆಗುತ್ತದೆ?

ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಒಂದು ದೊಡ್ಡ ಪ್ಯಾಕೇಜಿನ ಸೋರ್ಸ್ ಇಳಿಸಿಕೊಂಡು ಒಂದೇ ಒಂದು ಸಾಲು ತಿದ್ದಿದ್ದೆ. ಸೋರ್ಸ್‌ನಿಂದ ಪ್ಯಾಕೇಜ್ ಕಟ್ಟುವ ‘ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್’ ಕಮಾಂಡ್ ಓಡಿಸಿದೆ. ಎಲ್ಲಾ ಫೈಲುಗಳೂ ಮೊದಲಿನಿಂದ ಕಂಪೈಲ್ ಆದವು. ಇನ್ನೊಂದು ಸಾಲು ತಿದ್ದಿದೆ, ಮತ್ತೆ ಅದೇ ಕಥೆ. ಇದಕ್ಕೆ ಕಾರಣ ಹುಡುಕುತ್ತಾ ಕಲಿತದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಕಾರಣ ಸರಳ. ಈ ಕಮಾಂಡ್ ಪ್ರತಿ ಸಲವೂ ಮೊದಲು ಕ್ಲೀನ್ ಮಾಡುತ್ತದೆ, ಅಂದರೆ ಹಿಂದಿನ ಬಿಲ್ಡ್‌ನಲ್ಲಿ ಹುಟ್ಟಿದ್ದನ್ನು ಅಳಿಸುತ್ತದೆ. ಸೋರ್ಸ್ ಕಂಪೈಲ್ ಆಗಿ ಬಂದ ಹಳೆಯ ಆಬ್ಜೆಕ್ಟ್ ಫೈಲುಗಳೆಲ್ಲ ಅಲ್ಲಿಗೇ ಹೋದವು. ‘-ಎನ್‌ಸಿ’ ಕೊಟ್ಟರೆ ಕ್ಲೀನ್ ಆಗುವುದಿಲ್ಲ. ಆದರೆ ಈಗ ಉಲ್ಟಾ ತೊಂದರೆ ಬರಬಹುದು, ಏನೂ ಕಂಪೈಲೇ ಆಗದೆ ಹಳೆಯದೇ ಪ್ಯಾಕ್ ಆಗಿ ಬರುತ್ತದೆ! ಪ್ಯಾಕೇಜ್ ಕಟ್ಟಲು ನೆರವಾಗುವ ಡೆಬ್‌ಹೆಲ್ಪರ್ ಎಂಬ ಟೂಲ್ ಒಮ್ಮೆ ಬಿಲ್ಡ್ ಮುಗಿಸಿದ ಗುರುತಿಗೆ ಡೆಬಿಯನ್ ಡೈರೆಕ್ಟರಿಯಲ್ಲಿ ‘ಡೆಬ್‌ಹೆಲ್ಪರ್-ಬಿಲ್ಡ್-ಸ್ಟ್ಯಾಂಪ್’ ಎಂಬ ಫೈಲ್ ಇಡುತ್ತದೆ. ಅದು ಇದ್ದರೆ ಬಿಲ್ಡ್ ಹಂತವನ್ನೇ ಬಿಟ್ಟುಬಿಡುತ್ತದೆ. ಆ ಫೈಲ್ ಅಳಿಸಿ ಮತ್ತೆ ಓಡಿಸಬೇಕು. ನನ್ನ ಕೇಳಿದರೆ, ತಿದ್ದಿ ತಿದ್ದಿ ನೋಡುವಾಗ ಪ್ಯಾಕೇಜ್ ಕಮಾಂಡೇ ಬೇಡ. ಬಿಲ್ಡ್ ಡೈರೆಕ್ಟರಿಗೆ ಹೋಗಿ, ಬೇಕಾದ ಫೈಲುಗಳನ್ನಷ್ಟೇ ಕಂಪೈಲ್ ಮಾಡಿಸುವ ಮೇಕ್ ಎಂಬ ಟೂಲನ್ನು ನೇರವಾಗಿ ಓಡಿಸಿ. ಕೆಲಸ ಸರಿಯಾದ ಮೇಲೆ ಒಂದೇ ಸಲ ಪ್ಯಾಕೇಜ್ ಕಟ್ಟಿ.

ಮೇಕ್ ಹೇಗೆ ತೀರ್ಮಾನ ಮಾಡುತ್ತದೆ ಎಂದು ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದಾಗಿನಿಂದ ಅದರ ಮೂಲ ಲೆಕ್ಕ ಒಂದೇ: ಸೋರ್ಸ್ ಫೈಲ್ ಕೊನೆಗೆ ಬದಲಾದ ಸಮಯ ಆಬ್ಜೆಕ್ಟ್ ಫೈಲಿನದಕ್ಕಿಂತ ಹೊಸದಾ? ಹೊಸದಾದರೆ ಮತ್ತೆ ಕಂಪೈಲ್. ಒಳಗೆ ಏನಿದೆ ಎಂದು ಅದು ನೋಡುವುದೇ ಇಲ್ಲ. ಹಾಗಾಗಿ ಕೋಡಿನ ಆವೃತ್ತಿಗಳನ್ನು ಇಟ್ಟುಕೊಳ್ಳುವ ಗಿಟ್‌ನಲ್ಲಿ ಬೇರೆ ಬ್ರಾಂಚಿಗೆ ಹೋಗಿ ವಾಪಸ್ ಬಂದರೂ ಸಾಕು. ಎರಡು ಬ್ರಾಂಚಿನ ನಡುವೆ ವ್ಯತ್ಯಾಸ ಇರುವ ಫೈಲುಗಳಿಗೆಲ್ಲ ಹೊಸ ಸಮಯ ಬೀಳುತ್ತದೆ. ಅದರಲ್ಲಿ ಎಲ್ಲಾ ಸೋರ್ಸ್ ಫೈಲುಗಳೂ ಸೇರಿಸಿಕೊಳ್ಳುವ ಒಂದು ಹೆಡರ್ ಫೈಲ್ ಇದ್ದರೆ ಮುಗೀತು, ಎಲ್ಲವೂ ಮತ್ತೆ ಕಂಪೈಲ್. ‘ಗಿಟ್ ವರ್ಕ್‌ಟ್ರೀ’ ಬಳಸಿ ಪ್ರತಿ ಬ್ರಾಂಚಿಗೂ ಬೇರೆ ಡೈರೆಕ್ಟರಿ ಇಟ್ಟುಕೊಂಡರೆ ಈ ಕಾಟ ಇಲ್ಲ.

ಇದರ ಇನ್ನೊಂದು ಮುಖವೂ ಇದೆ. ಕಂಪೈಲರ್ ಫ್ಲ್ಯಾಗ್ (ಕಂಪೈಲರ್‌ಗೆ ಕೊಡುವ ಆಯ್ಕೆ) ಬದಲಾಯಿಸಿದರೆ ಮೇಕ್‌ಗೆ ತಾನಾಗಿ ಗೊತ್ತಾಗುವುದಿಲ್ಲ, ಯಾಕಂದ್ರೆ ಯಾವ ಫೈಲಿನ ಸಮಯವೂ ಬದಲಾಗಿಲ್ಲ. ಈ ಭಯಕ್ಕೇ ಜನ ಸುಮ್ನೆ ‘ಮೇಕ್ ಕ್ಲೀನ್’ ಒತ್ತುವುದು. ಮೇಕ್‌ನಂಥದೇ ಇನ್ನೊಂದು ಟೂಲ್ ನಿಂಜಾ ಹಾಗಲ್ಲ. ಹಿಂದಿನ ಕಮಾಂಡ್ ಏನಿತ್ತು ಎಂಬುದರ ಗುರುತನ್ನೂ ಇಟ್ಟುಕೊಂಡು ಹೋಲಿಸುತ್ತದೆ.

ಕ್ಲೀನ್ ಮಾಡುವ ಮೊದಲು ಟೂಲನ್ನೇ ಕೇಳಿ. ಮೇಕ್ 4.0ರಿಂದ ‘--ಟ್ರೇಸ್’ ಇದೆ, ಯಾವ ಫೈಲಿನಿಂದಾಗಿ ಯಾವುದು ಮತ್ತೆ ಕಟ್ಟಲ್ಪಡುತ್ತಿದೆ ಎಂದು ಹೇಳುತ್ತದೆ. ಜೊತೆಗೆ ‘-ಎನ್’ ಹಾಕಿದರೆ ಮಾಮೂಲಿ ಕಂಪೈಲ್ ಕಮಾಂಡುಗಳನ್ನು ಓಡಿಸದೆ ಬರೀ ತೋರಿಸುತ್ತದೆ. ನಿಂಜಾದಲ್ಲಿ ‘-ಡಿ ಎಕ್ಸ್‌ಪ್ಲೇನ್’.

ಲಿನಕ್ಸ್ ಕರ್ನಲ್ ಈ ಸಮಸ್ಯೆಯನ್ನು ಬಿಡಿಸಿದ ರೀತಿ ನನಗೆ ತುಂಬಾ ಇಷ್ಟ. ಅಲ್ಲಿ ಎಲ್ಲಾ ಕಾನ್ಫಿಗ್ ಆಯ್ಕೆಗಳೂ ‘ಆಟೋಕಾನ್ಫ್’ ಎಂಬ ಒಂದೇ ಹೆಡರ್‌ನಲ್ಲಿವೆ. ಪ್ರತಿ ಸಿ ಫೈಲೂ ಅದನ್ನು ಸೇರಿಸಿಕೊಳ್ಳುತ್ತದೆ. ಒಂದು ಆಯ್ಕೆ ಬದಲಾದರೆ ಇಡೀ ಕರ್ನಲ್ ಮತ್ತೆ ಕಂಪೈಲ್ ಆಗಬೇಕಿತ್ತು, ಅಲ್ವಾ? ಆಗುವುದಿಲ್ಲ. ‘ಫಿಕ್ಸ್‌ಡೆಪ್’ ಎಂಬ ಚಿಕ್ಕ ಪ್ರೋಗ್ರಾಂ ಪ್ರತಿ ಫೈಲನ್ನೂ ಅದರ ಹೆಡರ್‌ಗಳನ್ನೂ ಓದಿ, ಅದು ನಿಜವಾಗಿ ಯಾವ ಆಯ್ಕೆಗಳ ಹೆಸರು ಎತ್ತುತ್ತದೆ ಎಂದು ಪಟ್ಟಿ ಮಾಡುತ್ತದೆ. ಆ ದೊಡ್ಡ ಹೆಡರನ್ನು ಅವಲಂಬನೆಯ ಪಟ್ಟಿಯಿಂದ ತೆಗೆದು, ಅದರ ಜಾಗದಲ್ಲಿ ಆಯ್ಕೆಗೊಂದರಂತೆ ಖಾಲಿ ಫೈಲುಗಳ ಹೆಸರು ಹಾಕುತ್ತದೆ. ಆಯ್ಕೆ ಬದಲಾದಾಗ ಅದರ ಖಾಲಿ ಫೈಲಿನ ಸಮಯ ಮಾತ್ರ ಹೊಸದಾಗುತ್ತದೆ. ಮೇಕ್‌ಗೆ ಗೊತ್ತಿರುವುದು ಸಮಯ ಒಂದೇ ಆದರೂ, ಆ ಒಂದರಲ್ಲೇ ಎಷ್ಟು ಸೂಕ್ಷ್ಮವಾಗಿ ಕೆಲಸ ಮಾಡಿಸಿದ್ದಾರೆ ನೋಡಿ.

ಕ್ಲೀನ್ ಮಾಡಲೇಬೇಕಾದ ಸಂದರ್ಭಗಳೂ ಇವೆ. ಬೇರೆಯವರಿಗೆ ಕೊಡುವ ಪ್ಯಾಕೇಜನ್ನು ಹಳೆಯ ಆಬ್ಜೆಕ್ಟ್ ಫೈಲುಗಳ ಮೇಲೆ ಕಟ್ಟಬಾರದು. ಆಗ ನೆರವಿಗೆ ಬರುವುದು ಸಿಕ್ಯಾಶ್ ಎಂಬ ಟೂಲ್. ಇದು ಸಮಯ ನಂಬುವುದಿಲ್ಲ. ಸೋರ್ಸ್, ಹೆಡರ್, ಫ್ಲ್ಯಾಗ್ ಎಲ್ಲದರ ಹ್ಯಾಶ್ (ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ತೆಗೆದು, ಅದೇ ಕೆಲಸ ಹಿಂದೆ ಆಗಿದ್ದರೆ ಉಳಿಸಿಟ್ಟ ಆಬ್ಜೆಕ್ಟ್ ಫೈಲನ್ನೇ ಕೊಡುತ್ತದೆ. ಒಂದು ಎಚ್ಚರ: ಡೀಬಗ್ ಮಾಹಿತಿ ಸೇರಿಸಿ ಕಂಪೈಲ್ ಮಾಡುವಾಗ ಡೈರೆಕ್ಟರಿಯ ಹೆಸರೂ ಆ ಲೆಕ್ಕಕ್ಕೆ ಬರುತ್ತದೆ. ಹೊಸ ಆವೃತ್ತಿಯನ್ನು ಹೊಸ ಹೆಸರಿನ ಡೈರೆಕ್ಟರಿಯಲ್ಲಿ ಬಿಚ್ಚಿದರೆ, ಬದಲಾಗದ ಫೈಲುಗಳೂ ಹೊಸದೆಂದೇ ಕಾಣಬಹುದು. ಬಿಲ್ಡ್ ಮುಗಿದ ಮೇಲೆ ‘ಸಿಕ್ಯಾಶ್ -ಎಸ್’ ಓಡಿಸಿ, ಎಷ್ಟು ಫೈಲ್ ಕ್ಯಾಶ್‌ನಿಂದ ಬಂತು ಎಂದು ನೋಡಿದರೆ ಗೊತ್ತಾಗುತ್ತದೆ.