ತಾಳ ಹಾಕುವವರು ಗೋಡೆ ಗಡಿಯಾರ ನೋಡಬಾರದು

ಸ್ಟುಡಿಯೋದವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಸರ್, ರೆಕಾರ್ಡಿಂಗ್ ಮಧ್ಯೆ ಟಪ್ ಅಂತ ಸದ್ದು ಬರ್ತಿದೆ." ನಾನು ಹೋಗುವಷ್ಟರಲ್ಲಿ ಅವರು ಕೇಬಲ್ ಬದಲಿಸಿದ್ದರು, ಮೈಕಿನ ಸದ್ದನ್ನು ಕಂಪ್ಯೂಟರಿಗೆ ಕೊಡುವ ಆಡಿಯೋ ಇಂಟರ್‌ಫೇಸ್ ಬದಲಿಸಿದ್ದರು, ಅದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರನ್ನು ಎರಡು ಸಲ ತೆಗೆದು ಮತ್ತೆ ಹಾಕಿದ್ದರು. ಗಾಯಕಿ ಒಂದೇ ಪಲ್ಲವಿಯನ್ನು ಆರು ಸಲ ಹಾಡಿ ಗಂಟಲು ಕಟ್ಟಿಸಿಕೊಂಡು ಮನೆಗೆ ಹೋಗಿದ್ದರು. ನನಗೆ ತುಂಬಾ ಬೇಸರವಾದದ್ದು ಅದಕ್ಕೇ.

ನಾನು ಯಾವುದನ್ನೂ ಬಿಚ್ಚಲಿಲ್ಲ. ಶ್ರುತಿಪೆಟ್ಟಿಗೆ ಇಟ್ಟು ಒಂದು ಗಂಟೆ ಸುಮ್ನೆ ರೆಕಾರ್ಡ್ ಮಾಡಿದೆ. ಟಪ್ ಅಂದಾಗಲೆಲ್ಲ ಹೊತ್ತನ್ನು ಹಾಳೆಯಲ್ಲಿ ಬರೆದುಕೊಂಡೆ. ನಾಲ್ಕು ಸಲ ಬಂತು, ಸರಿಯಾಗಿ 15 ನಿಮಿಷಕ್ಕೊಮ್ಮೆ. ಕೇಬಲ್ ಸಡಿಲವಾಗಿದ್ದರೆ ಸದ್ದು ಹೀಗೆ ಗಂಟೆ ಹೊಡೆದಂತೆ ಬರುವುದಿಲ್ಲ, ಅಲ್ವಾ? ಹುಡುಕಿದಾಗ ಸಿಕ್ಕಿದ್ದು ಯಾರೋ ಹಿಂದೆ ಹಾಕಿಟ್ಟಿದ್ದ ಒಂದು ಚಿಕ್ಕ ಪ್ರೋಗ್ರಾಂ. 15 ನಿಮಿಷಕ್ಕೊಮ್ಮೆ ಇಂಟರ್‌ನೆಟ್‌ನಿಂದ ಸಮಯ ತಂದು ಕಂಪ್ಯೂಟರ್ ಗಡಿಯಾರವನ್ನು ತಟ್ಟನೆ ಸರಿಮಾಡುತ್ತಿತ್ತು. ಅದನ್ನು ತೆಗೆದೆ. ಮುಂದಿನ ಎರಡು ಗಂಟೆ ಹಾಳೆಯಲ್ಲಿ ಬರೆಯಲು ಏನೂ ಸಿಗಲಿಲ್ಲ.

ಗಡಿಯಾರ ಸರಿಮಾಡಿದರೆ ಹಾಡು ಯಾಕೆ ಕೆಡಬೇಕು? ಕಂಪ್ಯೂಟರಿನಲ್ಲಿ ಎರಡು ಬೇರೆ ಬೇರೆ ಲೆಕ್ಕ ನಡೆಯುತ್ತಿರುತ್ತವೆ. ಒಂದು, ಈಗ ಗಂಟೆ ಎಷ್ಟು ಅನ್ನುವ ಗೋಡೆ ಗಡಿಯಾರದ ಲೆಕ್ಕ. ಇದನ್ನು ಹಿಂದೆ ಮುಂದೆ ತಿರುಗಿಸಬಹುದು. ಇನ್ನೊಂದು, ಶುರುವಾದಾಗಿನಿಂದ ಎಷ್ಟು ಹೊತ್ತಾಯಿತು ಅನ್ನುವ ಲೆಕ್ಕ. ಇದು ಮುಂದಕ್ಕೆ ಮಾತ್ರ ಹೋಗುತ್ತದೆ. ಇದರ ಮೇಲೆ ಆಡಿಯೋ ಇಂಟರ್‌ಫೇಸ್ ಒಳಗೂ ಗಡಿಯಾರದಂತೆ ಅದರದ್ದೇ ಒಂದು ಕ್ವಾರ್ಟ್ಜ್ ಹರಳು ಮಿಡಿಯುತ್ತಿರುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದಿನ ಅಳತೆ, ಹೊರಡಿಸುವುದು ಆ ಹರಳೇ.

ಬಫರ್, ಅಂದರೆ ಒಂದು ಸಲಕ್ಕೆ ಸಾಗಿಸುವ ಸದ್ದಿನ ಕಂತು, 128 ಸ್ಯಾಂಪಲ್ ಇಟ್ಟಿದ್ದೀರಿ ಅಂದುಕೊಳ್ಳಿ. ಒಂದು ಬಫರ್ ಅಂದರೆ ಸುಮಾರು 2.7 ಮಿಲಿಸೆಕೆಂಡ್. ಅಷ್ಟರೊಳಗೆ ಮುಂದಿನ ಕಂತು ತಯಾರಾಗಬೇಕು. ಸಾಫ್ಟ್‌ವೇರ್ ಅಥವಾ ಡ್ರೈವರ್ ಈ ಹೊತ್ತನ್ನು ಗೋಡೆ ಗಡಿಯಾರ ನೋಡಿ ಅಳೆಯುತ್ತಿದ್ದರೆ, ಗಡಿಯಾರ 40 ಮಿಲಿಸೆಕೆಂಡ್ ಜಿಗಿದ ಕೂಡಲೇ ಅದಕ್ಕೆ ಹದಿನೈದು ಕಂತು ತಪ್ಪಿಹೋದಂತೆ ಕಾಣುತ್ತದೆ. ಗಾಬರಿಯಲ್ಲಿ ಸದ್ದಿನ ಒಂದು ತುಂಡನ್ನು ಕೈಬಿಡುತ್ತದೆ, ಇಲ್ಲವೇ ಮತ್ತೆ ಹೊಂದಿಸಲು ಹೋಗುತ್ತದೆ. ಟಪ್ ಅನ್ನುವುದು ಆಗಲೇ. ಭಾಗವತರು ಜಾಗಟೆ ಬಾರಿಸುವುದು ಗೋಡೆ ಗಡಿಯಾರ ನೋಡಿಕೊಂಡಲ್ಲ. ಒಳ್ಳೆಯ ಆಡಿಯೋ ಸಾಫ್ಟ್‌ವೇರ್ ಕೂಡ ಹಾಗೆ ಮಾಡುವುದಿಲ್ಲ. ಆದರೆ ಎಲ್ಲವೂ ಒಳ್ಳೆಯವಲ್ಲ.

ಸಮಯ ಹೊಂದಿಸುವುದೇ ತಪ್ಪು ಅಂತ ತಿಳಿಯಬೇಡಿ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಮಿಲ್ಸ್ 1985ರಲ್ಲಿ ರೂಪ ಕೊಟ್ಟ, ಇಂಟರ್‌ನೆಟ್ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿ ಪದ್ಧತಿಯಲ್ಲಿ ಈ ವಿಷಯದಲ್ಲಿ ಬಹಳ ನಾಜೂಕಿದೆ. ಅದರ ಮೂಲ ಪ್ರೋಗ್ರಾಂ 128 ಮಿಲಿಸೆಕೆಂಡ್‌ಗಿಂತ ಕಡಿಮೆ ವ್ಯತ್ಯಾಸವಿದ್ದರೆ ಗಡಿಯಾರವನ್ನು ಜಿಗಿಸುವುದಿಲ್ಲ. ಸೆಕೆಂಡಿಗೆ ಹೆಚ್ಚೆಂದರೆ ಅರ್ಧ ಮಿಲಿಸೆಕೆಂಡ್‌ನಂತೆ ಮೆಲ್ಲಗೆ ಜಾರಿಸುತ್ತದೆ. 100 ಮಿಲಿಸೆಕೆಂಡ್ ಸರಿಪಡಿಸಲು ಮೂರು ನಿಮಿಷದ ಮೇಲೆ ಬೇಕಾಗುತ್ತದೆ. ಕಿವಿಗೆ ಅದು ಗೊತ್ತೇ ಆಗುವುದಿಲ್ಲ.

ಆದರೂ ದೊಡ್ಡವರ ಮನೆಯಲ್ಲೂ ಎಡವಟ್ಟಾಗಿದೆ. 2018ರಲ್ಲಿ ಬಂದ ಮ್ಯಾಕ್‌ಗಳಲ್ಲಿ ಯುಎಸ್‌ಬಿ ಇಂಟರ್‌ಫೇಸ್ ಹಾಕಿದರೆ ಸದ್ದು ತುಂಡಾಗುತ್ತದೆ ಎಂದು ಎಷ್ಟೋ ಸಂಗೀತಗಾರರು ದೂರಿದರು. ದಿನಾಂಕ, ಸಮಯ ತಾನಾಗಿ ಹೊಂದುವುದನ್ನು ಆಫ್ ಮಾಡಿದರೆ ತೊಂದರೆ ನಿಲ್ಲುತ್ತದೆ ಎಂದು ಬಳಸುವವರೇ ಕಂಡುಕೊಂಡರು. 2019ರ ಮಾರ್ಚ್‌ನಲ್ಲಿ ಬಂದ ಮ್ಯಾಕ್‌ಒಎಸ್ 10.14.4ರಲ್ಲಿ ಆಪಲ್ ಅದಕ್ಕೆ ಪರಿಹಾರ ಕೊಟ್ಟಿತು.

ನಿಮಗೂ ಅನುಮಾನವಿದ್ದರೆ ಅದೇ ಪರೀಕ್ಷೆ ಮಾಡಿ. ಸಮಯ ಹೊಂದಿಸುವುದನ್ನು ಆಫ್ ಮಾಡಿ, ಒಂದು ಗಂಟೆ ರೆಕಾರ್ಡ್ ಮಾಡಿ. ಸಾಧಾರಣ ಕಂಪ್ಯೂಟರಿನ ಹರಳು ಹತ್ತು ಲಕ್ಷಕ್ಕೆ 50ರಷ್ಟು ತಪ್ಪಿದರೂ ಇಡೀ ದಿನಕ್ಕೆ ನಾಲ್ಕು ಸೆಕೆಂಡ್ ಚಿಲ್ಲರೆ ಹೆಚ್ಚುಕಮ್ಮಿ ಆಗಬಹುದು, ಅಷ್ಟೇ. ಟಪ್ ಸದ್ದು ನಿಂತರೆ ಕಾರಣ ಸಿಕ್ಕಿತು. ನಿಲ್ಲದಿದ್ದರೆ ಗಡಿಯಾರವನ್ನು ಬಿಟ್ಟು ವೈಫೈ ಡ್ರೈವರ್, ವಿದ್ಯುತ್ ಉಳಿಸುವ ಸೆಟ್ಟಿಂಗ್, ಸೆಕೆಂಡಿಗೆ 44,100 ಸ್ಯಾಂಪಲ್ಲೋ 48,000 ಸ್ಯಾಂಪಲ್ಲೋ ಅನ್ನುವ ಗೊಂದಲ, ಇವುಗಳ ಕಡೆ ನೋಡಿ. ನನ್ನ ಬಳಿ ಬರುವ ದೂರುಗಳಲ್ಲಿ ಇವೇ ಜಾಸ್ತಿ. ಕೆಲಸ ಮುಗಿದ ಮೇಲೆ ಹೊಂದಾಣಿಕೆಯನ್ನು ಮತ್ತೆ ಆನ್ ಮಾಡಲು ಮರೆಯಬೇಡಿ. ತಿಂಗಳುಗಟ್ಟಲೆ ಆಫ್ ಇಟ್ಟವರನ್ನು ನೋಡಿದ್ದೇನೆ. ಅದು ಮದ್ದಲ್ಲ, ಪರೀಕ್ಷೆ ಮಾತ್ರ.

ಗಡಿಯಾರ ಸರಿಯಾಗಿ ಐದೂವರೆ ಗಂಟೆ ತಪ್ಪು ತೋರಿಸುತ್ತಿದೆಯಾ? ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರಬೇಕು. ಮದರ್‌ಬೋರ್ಡ್ ಗಡಿಯಾರದಲ್ಲಿ ಇರುವುದು ಭಾರತದ ಸಮಯ ಅಂತ ವಿಂಡೋಸ್ ತಿಳಿಯುತ್ತದೆ, ಲಿನಕ್ಸ್ ಅದನ್ನೇ ಯುಟಿಸಿ, ಅಂದರೆ ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ, ಅಂದುಕೊಳ್ಳುತ್ತದೆ. ಎರಡಕ್ಕೂ ಒಂದೇ ಪದ್ಧತಿ ಹೇಳಿಕೊಡಿ. ಹಳೆಯ ಡೆಸ್ಕ್‌ಟಾಪ್ ಕರೆಂಟ್ ಹೋಗಿ ಬಂದಾಗಲೆಲ್ಲ ಎಷ್ಟೋ ವರ್ಷ ಹಿಂದಿನ ದಿನಾಂಕ ತೋರಿಸಿದರೆ, ಮದರ್‌ಬೋರ್ಡಿನಲ್ಲಿರುವ ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿ ಹೋಗಿದೆ. ಆಗ ಆಡಿಯೋ ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಪ್ಲಗಿನ್‌ಗಳ ಲೈಸೆನ್ಸ್ ಕೂಡ ಕೈಕೊಡಬಹುದು. ಕಡಿಮೆ ಖರ್ಚಿನ ಕೆಲಸ, ಇವತ್ತೇ ಬದಲಿಸಿ.

ಇನ್ನು, ರಾತ್ರಿಯಿಡೀ ನಡೆಯುವ ಯಕ್ಷಗಾನವನ್ನು ಎರಡು ರೆಕಾರ್ಡರ್‌ಗಳಲ್ಲಿ ಹಿಡಿಯುವವರಿಗೆ ಒಂದು ಮಾತು. ಎರಡೂ ರೆಕಾರ್ಡರ್‌ಗಳ ಗಂಟೆಯನ್ನು ಒಂದೇ ಮಾಡಿಕೊಂಡ ಮಾತ್ರಕ್ಕೆ ಹರಳುಗಳು ಒಂದಾಗುವುದಿಲ್ಲ. ಎರಡರ ನಡುವೆ ಹತ್ತು ಲಕ್ಷಕ್ಕೆ 30ರ ವ್ಯತ್ಯಾಸವಿದ್ದರೆ ಆರು ಗಂಟೆಗೆ 0.65 ಸೆಕೆಂಡ್ ದೂರವಾಗುತ್ತವೆ. ಚೆಂಡೆ ಒಂದು ಕಡೆ, ಪದ ಒಂದು ಕಡೆ. ಒಂದರ ಹರಳಿನ ಮಿಡಿತಕ್ಕೇ ಇನ್ನೊಂದನ್ನೂ ನಡೆಸುವ ವರ್ಡ್ ಕ್ಲಾಕ್ ಕೇಬಲ್ ಹಾಕುವ ಸೌಲಭ್ಯವಿದ್ದರೆ ಹಾಕಿ. ಇಲ್ಲದಿದ್ದರೆ ಶುರುವಿನಲ್ಲಿ ಒಂದು ಚಪ್ಪಾಳೆ, ಮಂಗಳ ಮುಗಿದ ಮೇಲೆ ಇನ್ನೊಂದು ಚಪ್ಪಾಳೆ ಹೊಡೆಯಿರಿ. ಎರಡು ಚಪ್ಪಾಳೆಗಳ ನಡುವಿನ ಉದ್ದವನ್ನು ಎರಡೂ ಫೈಲ್‌ಗಳಲ್ಲಿ ಅಳೆದು, ಚಿಕ್ಕದಾಗಿರುವುದನ್ನು ಇನ್ನೊಂದರಷ್ಟೇ ಉದ್ದಕ್ಕೆ ಸಾಫ್ಟ್‌ವೇರಿನಲ್ಲಿ ಎಳೆದರೆ ಸಾಕು.